ಜಗದ್ಗುರು ಬಾದಶಹನ ತಂಬೂರಿ, ರಾಮನ್ ಬೆಳಕು

ವಿಜಯಪುರದ ನಾದ ಎಂದೊಡನೆ ನಮಗೆ ನೆನಪಾಗುವುದು ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆ. ಆದರೆ ನಿಜವಾಗಿ ನಾದದ ಹುಚ್ಚು ಹಿಡಿದವನು ಆ ಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾಹನಲ್ಲ, ಅವನಪ್ಪ ಎರಡನೇ ಇಬ್ರಾಹಿಂ. 1580ರಿಂದ 1627ರವರೆಗೆ ಆಳಿದ ಈತ ‘ಜಗದ್ಗುರು’ ಎನಿಸಿಕೊಂಡ, ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ. 1599ರಲ್ಲಿ ತೊರವಿಯ ಬಳಿ ನವರಸಪುರ ಎಂಬ ಊರನ್ನೇ ಕಟ್ಟಲು ಹೊರಟ. ಅಲ್ಲಿನ ಸಂಗೀತ ಮಹಲು ಇಂದು ಪಾಳುಬಿದ್ದ ಕಮಾನು.

ಇರಾನಿನಿಂದ ಬಂದು ಅಕ್ಬರನ ಆಸ್ಥಾನದಲ್ಲೂ ಕೆಲಸ ಮಾಡಿದ ಫರ್ರುಖ್ ಬೇಗ್ ಬರೆದದ್ದೆನ್ನುವ ಕಿರುಚಿತ್ರವೊಂದರಲ್ಲಿ ಸುಲ್ತಾನ ತಂಬೂರಿ ನುಡಿಸುತ್ತ ಕೂತಿದ್ದಾನೆ. 1600ರ ಆಸುಪಾಸಿನ ಆ ಚಿತ್ರ ಈಗಿರುವುದು ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಸಂಗ್ರಹಾಲಯದಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಇನ್ನೊಂದು ಚಿತ್ರದಲ್ಲಿ ಅವನ ಕೈಯಲ್ಲಿರುವುದು ನಮ್ಮ ಹರಿಕಥೆಯವರ ಚಿಟಿಕೆಯಂಥ ತಾಳವಾದ್ಯ.

ಇಂಥ ಚಿತ್ರಗಳನ್ನು ಕಲೆಯ ಕಣ್ಣಿನಿಂದ ನೋಡಿದವರು ಬಹಳ. ರಸಾಯನದ ಕಣ್ಣಿಗೆ ಅವು ಕಾಗದದ ಮೇಲೆ ಅಂಟಿನಿಂದ ಕೂರಿಸಿದ ಖನಿಜದ ಪುಡಿ. ಇಂಗಲೀಕದ ಕೆಂಪು ಪಾದರಸ ಮತ್ತು ಗಂಧಕದ ಸಂಯುಕ್ತ, ಹರಿತಾಳದ ಹಳದಿ ಆರ್ಸೆನಿಕ್ಕಿನದು, ಸಫೇದದ ಬಿಳಿ ಸೀಸದ್ದು. ಅಚ್ಚ ನೀಲಿಗೆ ಅಫ್ಘಾನಿಸ್ತಾನದ ಬದಕ್ಷಾನಿನ ಗಣಿಯಿಂದ ಬಂದ ರಾಜಾವರ್ತ ಶಿಲೆ. ಆಸ್ಥಾನದ ವೈಭವವೆಲ್ಲ ಮುಕ್ಕಾಲು ಪಾಲು ವಿಷ ಎಂದರೂ ತಪ್ಪಿಲ್ಲ.

ಎಲ್ಲಕ್ಕಿಂತ ತಂಟೆಕೋರ ಬಣ್ಣ ಹಸಿರು. ತಾಮ್ರದ ತಗಡನ್ನು ಹುಳಿ ಹಿಡಿದ ದ್ರವದ ಆವಿಗೆ ಒಡ್ಡಿ, ಮೇಲೆದ್ದ ಕಿಲುಬನ್ನು ಕೆರೆದು ಅರೆದರೆ ಕಣ್ಣು ಕೋರೈಸುವ ಹಸಿರು ಸಿಗುತ್ತದೆ. ನಾವು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯುವ ಕಿಲುಬಿನ ಸೋದರಸಂಬಂಧಿಯೇ ಅದು. ತೊಂದರೆ ಏನೆಂದರೆ ತಾಮ್ರದ ಅಯಾನುಗಳು ಕಾಗದದ ಸೆಲ್ಯುಲೋಸ್ ಸರಪಳಿಗಳನ್ನು ಕಡಿಯುವ ಆಕ್ಸಿಡೀಕರಣಕ್ಕೆ ಕುಮ್ಮಕ್ಕು ಕೊಡುತ್ತವೆ. ಹುಲ್ಲು, ಎಲೆ ಬರೆದ ಜಾಗದ ಹಿಂಬದಿ ಮೊದಲು ಕಂದುತ್ತದೆ, ಆಮೇಲೆ ಸುಟ್ಟಂತಾಗುತ್ತದೆ, ಕೊನೆಗೆ ಉದುರಿ ತೂತು ಬೀಳುತ್ತದೆ. ಇದಕ್ಕೆ ಪರ್ಷಿಯಾದ ಕಲಾವಿದರು ಕಂಡುಕೊಂಡ ಮದ್ದು, ಹಸಿರಿಗೆ ಚೂರು ಕೇಸರಿ ಬೆರೆಸುವುದು. ಈಚಿನ ಪ್ರಯೋಗಗಳು ಆ ಮದ್ದು ಸುಳ್ಳಲ್ಲ ಎಂದಿವೆ: ಕೇಸರಿ ಮಿಶ್ರಣದ ಆಮ್ಲತೆ ಏರುಪೇರಾಗದಂತೆ ತಡೆದು ಕಾಗದದ ಆಯುಸ್ಸು ಹೆಚ್ಚಿಸುತ್ತದೆ.

ಮುಟ್ಟದೆ, ಕೆರೆಯದೆ ಬಣ್ಣದ ಗುರುತು ಹಿಡಿಯುವುದು ಹೇಗೆ? ಇಲ್ಲಿ ಬರುತ್ತಾರೆ ನಮ್ಮ ಸಿ.ವಿ. ರಾಮನ್. ಒಂದೇ ಬಣ್ಣದ ಬೆಳಕು ವಸ್ತುವಿಗೆ ಬಡಿದಾಗ ಬಹುಪಾಲು ಅದೇ ಬಣ್ಣದಲ್ಲಿ ಚೆದುರುತ್ತದೆ. ಸುಮಾರು ಕೋಟಿಗೊಂದು ಕಣ ಮಾತ್ರ ಅಣುಗಳ ಕಂಪನದೊಡನೆ ಶಕ್ತಿ ಕೊಟ್ಟುಕೊಂಡು ಬಣ್ಣ ಬದಲಿಸುತ್ತದೆ. 1928ರಲ್ಲಿ ಪ್ರಕಟವಾದ ಈ ಪರಿಣಾಮವೇ ಇಂದು ಸಂಗ್ರಹಾಲಯಗಳ ಸಲಕರಣೆ. ಬದಲಾವಣೆಯನ್ನು ಸೆಂಟಿಮೀಟರಿಗೆ ಇಷ್ಟು ಎಂದು ಅಳೆಯುತ್ತಾರೆ: ರಾಜಾವರ್ತದ ನೀಲಿ 548ರ ಬಳಿ ಗೆರೆ ತೋರಿಸುತ್ತದೆ, ಇಂಗಲೀಕ 253 ಮತ್ತು 343ರಲ್ಲಿ. ‘1600ರದು’ ಎನ್ನುವ ಚಿತ್ರದಲ್ಲಿ ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿಯ ಗೆರೆ ಕಂಡರೆ, ಯಾರೋ ಆಮೇಲೆ ಕೈಯಾಡಿಸಿದ್ದಾರೆ ಅಥವಾ ಇಡೀ ಚಿತ್ರವೇ ನಕಲಿ. ಲೇಸರ್ ಕಿರಣ ಸೌಮ್ಯವಾಗಿರಬೇಕು, ಅಷ್ಟೆ. ಜೋರಾದರೆ ಸೀಸದ ಸಿಂಧೂರ ಬಿಸಿಗೆ ಹಳದಿಗೆ ತಿರುಗಿ ಚಿತ್ರವೇ ಹಾಳು.

ರಾಮನ್ ಬೆಳಕಿಗೂ ಮುಂಚೆ ನಾದದ ಬೆನ್ನು ಹತ್ತಿದವರು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಗಳಿಗೆ ಚಲನೆ ಇಲ್ಲವೋ ಅವು ಕೇಳಬಾರದು ಎಂಬ ಹಳೆಯ ನಿಯಮವನ್ನು ವೀಣೆ, ತಂಬೂರಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದು 1921ರಲ್ಲಿ ತೋರಿಸಿದರು. ಕಾರಣ, ಅಗಲವಾದ ಬಾಗು ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದು. ಬಾದಶಹನ ಕೈಯಲ್ಲಿದ್ದದ್ದು ಇಂದಿನ ಶ್ರುತಿ ತಂಬೂರಿಯೇ ಆಗಿರಬೇಕಿಲ್ಲ. ಆದರೂ ತಂಬೂರಿಯ ನಾದ, ಚಿತ್ರದ ಬಣ್ಣ, ಎರಡರ ಗುಟ್ಟಿಗೂ ಒಬ್ಬನೇ ವಿಜ್ಞಾನಿ ಬೀಗದಕೈ ಕೊಟ್ಟದ್ದು ನನಗಂತೂ ಸಣ್ಣ ಸೋಜಿಗವಲ್ಲ.

ಸಂಗ್ರಹಾಲಯಗಳು ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಮೈಸೂರು ಶೈಲಿಯ ಚಿತ್ರವಿದ್ದರೆ ಬಿಸಿಲು ಬೀಳುವ ಗೋಡೆಯಿಂದ ಇಳಿಸಿ, ಊದುಬತ್ತಿಯ ಹೊಗೆಯಿಂದ ದೂರವಿಡಿ. ಹಬ್ಬದ ಹಿಂದಿನ ದಿನ ಒದ್ದೆ ಬಟ್ಟೆಯಿಂದ ಮಾತ್ರ ದಯವಿಟ್ಟು ಒರೆಸಬೇಡಿ. ಬಣ್ಣ ಹಿಡಿದಿಟ್ಟಿರುವ ಗೋಂದು ನೀರಿಗೆ ಕರಗುತ್ತದೆ.