ಮಗ ದುಬೈನಲ್ಲಿ, ಠೇವಣಿ ಊರಲ್ಲಿ: ಬಡ್ಡಿ ತೆರಿಗೆ ಎಷ್ಟು?

ನಡುವಟ್ಟಂ: ಇಲ್ಲಿಂದ ಗೂಡಲೂರಿಗೆ ಘಾಟಿ ಇಳಿದು, ತೆಪ್ಪಕಾಡು, ಬಂಡೀಪುರ ದಾಟಿ ಗುಂಡ್ಲುಪೇಟೆ ಸೇರಿದರೆ ರಾಜ್ಯ ಬದಲಾಗುತ್ತದೆ, ಆದಾಯ ತೆರಿಗೆ ಬದಲಾಗುವುದಿಲ್ಲ. ಅದೇ ಪ್ಯಾನ್, ಅದೇ ದರ. ಆದರೆ ಮನೆಯ ಮಗ ಕೆಲಸಕ್ಕೆಂದು ದುಬೈಗೆ ಹೋಗಿ ನೆಲೆಸಿದರೆ ಲೆಕ್ಕವೇ ಬೇರೆ. ಊರಿನ ಬ್ಯಾಂಕಿನಲ್ಲಿ ಅವನ ಹೆಸರಿಗಿರುವ ಠೇವಣಿಯ ಬಡ್ಡಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಕಡಿತವಾದಾಗಲೇ ಮನೆಯವರಿಗೆ ಇದು ಗೊತ್ತಾಗುವುದು. 'ದುಡ್ಡು ನಮ್ದು, ಬ್ಯಾಂಕು ನಮ್ಮೂರಿಂದು, ಇಷ್ಟೊಂದು ಯಾಕೆ ಹಿಡ್ಕೊಂಡ್ರು?' ಎಂಬ ಪ್ರಶ್ನೆ ಆಗ ಏಳುತ್ತದೆ.

ವಿದೇಶಕ್ಕೆ ಹೋದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅದರ ಬಡ್ಡಿಗೆ ಬ್ಯಾಂಕು ಶೇ 30 ತೆರಿಗೆ, ಅದರ ಮೇಲೆ ಸೆಸ್ ಸೇರಿಸಿ ಶೇ 31.2 ಹಿಡಿಯುತ್ತದೆ. ಊರಲ್ಲಿರುವವರು 'ಟಿಡಿಎಸ್ ಬೇಡ' ಎಂದು ಬರೆದುಕೊಡುವ ಘೋಷಣೆ ಅನಿವಾಸಿಗಳಿಗೆ ಸಲ್ಲದು.

ಒಪ್ಪಂದದ ದರ

ಒಂದೇ ಆದಾಯಕ್ಕೆ ಎರಡು ದೇಶಗಳು ತೆರಿಗೆ ಹಾಕುವುದನ್ನು ತಪ್ಪಿಸಲು ಭಾರತ ಹಲವು ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಯುಎಇ ಜತೆಗಿನದು 1992ರಲ್ಲಿ ಸಹಿಯಾಗಿ 1993ರಲ್ಲಿ ಜಾರಿಗೆ ಬಂತು. ಅದರಂತೆ ಇಂಥ ಬಡ್ಡಿಗೆ ಭಾರತ ಶೇ 12.5ಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. 1989ರಲ್ಲಿ ಸಹಿಯಾದ ಅಮೆರಿಕ ಒಪ್ಪಂದದಲ್ಲಿ ಈ ಮಿತಿ ಶೇ 15. ನಮ್ಮ ಕಾಯ್ದೆ, ಒಪ್ಪಂದ ಎರಡರಲ್ಲಿ ಯಾವುದು ಅನುಕೂಲವೋ ಅದನ್ನು ತೆರಿಗೆದಾರ ಪಡೆಯಬಹುದು.

ಉದಾಹರಣೆಗೆ, ದುಬೈನಲ್ಲಿರುವ ಮಗನ ಹೆಸರಲ್ಲಿ 8 ಲಕ್ಷ ರೂಪಾಯಿ ಠೇವಣಿ ಇದೆ, ಬಡ್ಡಿ ಶೇ 7 ಎಂದಿಟ್ಟುಕೊಳ್ಳಿ. ವರ್ಷದ ಬಡ್ಡಿ 56,000 ರೂ. ಸುಮ್ಮನಿದ್ದರೆ ಕಡಿತ 17,472 ರೂ. ಒಪ್ಪಂದದ ದರದಲ್ಲಾದರೆ 7,000 ರೂ. ವ್ಯತ್ಯಾಸ 10,472 ರೂ. ಮನೆ ಖರ್ಚಿಗೆ ಈ ಬಡ್ಡಿಯನ್ನೇ ನಂಬಿದ ತಂದೆ-ತಾಯಿಗೆ ಇದು ಸಣ್ಣ ಮೊತ್ತವಲ್ಲ.

ಕೇಳಿದರೆ ಮಾತ್ರ

ಈ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಮಗ ಆ ದೇಶದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಬೇಕು. ಯುಎಇಯಲ್ಲಿ ಅದನ್ನು ಕೊಡುವುದು ಅಲ್ಲಿನ ಫೆಡರಲ್ ತೆರಿಗೆ ಪ್ರಾಧಿಕಾರ. ಜತೆಗೆ ಪ್ಯಾನ್ ಪ್ರತಿ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತುಂಬಿದ ಸ್ವಯಂ ಘೋಷಣೆ ಬೇಕು. 1961ರ ಕಾಯ್ದೆಯಡಿ ಇದರ ಹೆಸರು ನಮೂನೆ 10ಎಫ್. 2025ರ ಹೊಸ ಕಾಯ್ದೆ ಜಾರಿಯ ದಿನ 2026ರ ಏಪ್ರಿಲ್ 1 ಆದ್ದರಿಂದ ಆ ನಂತರದ ನಮೂನೆಯನ್ನು ಬ್ಯಾಂಕಿನಲ್ಲೇ ಕೇಳಿ ತಿಳಿಯುವುದು ಒಳಿತು. ಬಡ್ಡಿ ಜಮೆಯಾಗುವ ಮೊದಲೇ ಈ ಕಾಗದಗಳು ಬ್ಯಾಂಕ್ ಸೇರಬೇಕು. ಪ್ರತಿ ವರ್ಷವೂ ಹೊಸದಾಗಿ ಕೊಡಬೇಕಾಗುತ್ತದೆ.

ಕಾಗದ ತಡವಾಗಿ ಕಡಿತ ಆಗಿಹೋಯಿತೇ? ಹೆದರಬೇಕಿಲ್ಲ, ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು. ಹೊಸ ಪದ್ಧತಿಯಲ್ಲಿ 2025-26ರಿಂದ 4 ಲಕ್ಷ ರೂ.ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಈ ಮಿತಿ ಅನಿವಾಸಿಗಳಿಗೂ ಉಂಟು. ಇಲ್ಲಿ ಆ 56,000 ರೂ. ಬಡ್ಡಿ ಬಿಟ್ಟು ಬೇರೆ ಆದಾಯ ಇಲ್ಲದಿದ್ದರೆ ಹಿಡಿದದ್ದು ಪೂರ್ತಿ ವಾಪಸ್ ಬರುತ್ತದೆ. ರಿಟರ್ನ್ ಹಾಕದವರ ದುಡ್ಡು ಮಾತ್ರ ಸರ್ಕಾರದಲ್ಲೇ ಉಳಿಯುತ್ತದೆ.

ಮನೆ, ಜಮೀನು ಬೇರೆ

ಬಡ್ಡಿಗೆ ಇರುವ ಈ ದರ ಮನೆ ಬಾಡಿಗೆಗೆ ಅನ್ವಯಿಸುವುದಿಲ್ಲ. ಸ್ಥಿರಾಸ್ತಿ ಯಾವ ದೇಶದಲ್ಲಿದೆಯೋ ಆ ದೇಶಕ್ಕೆ ತೆರಿಗೆ ಹಾಕುವ ಹಕ್ಕನ್ನು ಒಪ್ಪಂದಗಳೇ ಉಳಿಸಿವೆ. ಮನೆ ಮಾಲೀಕ ಅನಿವಾಸಿಯಾದರೆ ಬಾಡಿಗೆದಾರನೇ ಟಿಡಿಎಸ್ ಹಿಡಿದು ಕಟ್ಟಬೇಕು. ಈ ವಿಷಯ ತಿಳಿಯದೆ ಪೂರ್ತಿ ಬಾಡಿಗೆ ಕೊಟ್ಟರೆ ನೋಟಿಸ್ ಬರುವುದು ಬಾಡಿಗೆದಾರನಿಗೇ.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಎಚ್ಚರ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಅಮೆರಿಕವು ತನ್ನ ಪ್ರಜೆಗಳ, ಗ್ರೀನ್ ಕಾರ್ಡ್‌ದಾರರ ಜಗತ್ತಿನಾದ್ಯಂತದ ಆದಾಯಕ್ಕೆ ತೆರಿಗೆ ಹಾಕುವುದರಿಂದ ಅದನ್ನೂ ಅಲ್ಲಿ ತೋರಿಸಬೇಕು. ಎನ್‌ಆರ್‌ಓ ಬಡ್ಡಿಗೆ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ನಿಯಮದಂತೆ ವಜಾ ಮಾಡಿಕೊಳ್ಳಬಹುದು.

ಊರಿಗೆ ಬಂದು ಹೋಗುವವರು ದಿನಗಳ ಲೆಕ್ಕವನ್ನೂ ಇಡಬೇಕು. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಭಾರತದ ನಿವಾಸಿ ಎಂದೇ ಲೆಕ್ಕ. ಇಲ್ಲಿನ ಆದಾಯ 15 ಲಕ್ಷ ರೂ. ಮೀರಿದವರಿಗೆ 120 ದಿನದಿಂದಲೇ ನಿಯಮ ಬಿಗಿಯಾಗುತ್ತದೆ. ಆದ್ದರಿಂದ ಈ ಸಲ ಮಗ ರಜೆಗೆ ಬಂದಾಗ ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ, ಪಾಸ್‌ಬುಕ್ ಹಿಡಿದು ಒಮ್ಮೆ ಬ್ಯಾಂಕಿಗೂ, ಲೆಕ್ಕ ಪರಿಶೋಧಕರ ಬಳಿಗೂ ಹೋಗಿ ಬರುವುದು ಲೇಸು.