ಟೆಸ್ಟರ್ ಹೊತ್ತಿತು, ಕೂಲರ್ ಯಾಕೆ ತಿರುಗಲಿಲ್ಲ?

ಯುಗಾದಿ ಕಳೆಯಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಕೆಂಡದಂಥ ಬಿಸಿಲು. ಮಕ್ಕಳೇ, ಇಳಕಲ್ಲಿನ ಒಂದು ಮನೆಯಲ್ಲಿ ಅಂಥದೊಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ತಿರುಗುತ್ತಿದ್ದ ಕೂಲರ್ ತಟ್ಟನೆ ನಿಂತಿತು. ಅಜ್ಜ ಪ್ಲಗ್ ತೆಗೆದು ಸಾಕೆಟ್ಟಿಗೆ ಟೆಸ್ಟರ್ ಹಿಡಿದರು. ಅದರೊಳಗಿನ ಕೆಂಪು ದೀಪ ಹೊತ್ತಿತು.

“ಕರೆಂಟ್ ಐತಲ್ಲ ಅಜ್ಜಾ, ಮತ್ತ ಕೂಲರ್ ಯಾಕ ತಿರಗವಲ್ದು?” ಎಂದಳು ಮೊಮ್ಮಗಳು.

ಒಳ್ಳೆಯ ಪ್ರಶ್ನೆ. ಕೂಲರ್ ತಿರುಗಲು ಫೇಸ್, ನ್ಯೂಟ್ರಲ್ ಎರಡೂ ತಂತಿ ಬೇಕು. ಒಂದು ಬರುವ ದಾರಿ, ಇನ್ನೊಂದು ಮರಳುವ ದಾರಿ. ಟೆಸ್ಟರ್ ಹೇಳುವುದು ಫೇಸಿನ ಸುದ್ದಿ ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಅದು ಹೊತ್ತುತ್ತದೆ.

ಅಜ್ಜ ವೈರ್‌ಮನ್‌ನನ್ನು ಕರೆಸಿದರು. ಅವರು ಮಲ್ಟಿಮೀಟರ್ ತಂದರು. ನಮ್ಮ ಮನೆಗಳಿಗೆ ಬರಬೇಕಾದ ವೋಲ್ಟೇಜ್ ಸುಮಾರು 230. ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ ಅವರ ಹೆಸರೇ ಈ ‘ವೋಲ್ಟ್’ಗೆ ಬಂದಿದೆ. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ 228 ತೋರಿತು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸೊನ್ನೆ! ಮೇನ್ ಸ್ವಿಚ್ ಆರಿಸಿ ಸಾಕೆಟ್ ಬಿಚ್ಚಿದರೆ, ನ್ಯೂಟ್ರಲ್ ತಂತಿ ಸ್ಕ್ರೂದಿಂದ ಕಳಚಿಕೊಂಡಿತ್ತು. ಬಿಗಿ ಮಾಡಿದರು. ಕೂಲರ್ ತಿರುಗಿತು.

ವೈರ್‌ಮನ್ ಅಷ್ಟಕ್ಕೇ ಹೊರಡಲಿಲ್ಲ. ಕೂಲರಿನ ತಗಡಿಗೆ ಟೆಸ್ಟರ್ ತಾಗಿಸಿದರು. ಅಲ್ಲಿಯೂ ಕೆಂಪು ದೀಪ! ಒಳಗೆಲ್ಲೋ ಕರೆಂಟು ತಗಡಿಗೆ ತಾಗುತ್ತಿತ್ತು. ಹಳೆಯ ಪ್ಲಗ್ ಒಡೆದಾಗ ಅಜ್ಜ ಎರಡು ಪಿನ್ನಿನದು ಹಾಕಿಸಿದ್ದರು. ತಗಡಿಗೆ ಬಂದ ಕರೆಂಟನ್ನು ನೆಲಕ್ಕೆ ಒಯ್ಯುವುದು ಅರ್ಥ್. ಮೂರನೆಯ ದಪ್ಪ ಪಿನ್ನು ಇರುವುದೇ ಅದಕ್ಕೆ.

ಅಜ್ಜ ಮೊಮ್ಮಗಳ ಬರಿಗಾಲು ನೋಡಿದರು. ದಿನಾ ಕೂಲರಿಗೆ ನೀರು ಹಾಕುತ್ತಿದ್ದವಳು ಅವಳೇ. “ತಪ್ಪು ನಂದವ್ವಾ,” ಎಂದರು. ಕೂಲರ್ ದುರಸ್ತಿಯಾಗಿ, ಮೂರು ಪಿನ್ನಿನ ಪ್ಲಗ್ ಬಂದು, ಸಾಕೆಟ್ಟಿನ ಅರ್ಥ್ ಪರೀಕ್ಷೆ ಆಗುವವರೆಗೆ ಅದನ್ನು ಯಾರೂ ಹಚ್ಚಲಿಲ್ಲ.

ಅಜ್ಜ-ಅಜ್ಜಿಯರೇ, ಟೆಸ್ಟರ್ ಹೊತ್ತದಿದ್ದರೆ ಕರೆಂಟಿಲ್ಲವೆಂದು ನಂಬಬೇಡಿ. ಅದರ ದೀಪವೇ ಕೆಟ್ಟಿರಬಹುದು. ಕೂಲರಿಗೆ ನೀರು ಹಾಕುವ ಮೊದಲು ಪ್ಲಗ್ ತೆಗೆಯಿರಿ. ಮಕ್ಕಳೇ, ಸಾಕೆಟ್ಟಿಗೆ ಏನನ್ನೂ ತುರುಕಬೇಡಿ. ಮುಟ್ಟಿದಾಗ ಜುಮ್ಮೆಂದರೆ ಕೂಡಲೇ ಹಿರಿಯರಿಗೆ ಹೇಳಿ. ಬೀದಿಯಲ್ಲಿ ತಂತಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿಸಿ.

ಇಂದು ಸಂಜೆ ಮನೆಯ ಪ್ಲಗ್ಗುಗಳನ್ನು ಬರೀ ಕಣ್ಣಿಂದ ಎಣಿಸಿ ನೋಡಿ: ಕೂಲರ್, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು. ಮೂರನೆಯ ಪಿನ್ನು ಎಲ್ಲದಕ್ಕೂ ಇದೆಯೇ?