ಗುಂಡು ಹಾರುವ ಮುಂಚಿನ ಕ್ಷಣ

ಸೇನೆ ಸೇರಲು ತಯಾರಾಗುವ ಬಸವಕಲ್ಯಾಣ, ಹುಮನಾಬಾದಿನ ಯುವಕರಿಗೆ ಓಟದಲ್ಲಿ ಎಷ್ಟು ಹಿಂದಿದ್ದೇವೆಂದು ಗಡಿಯಾರ ಹೇಳಿಬಿಡುತ್ತದೆ. ಮುಂದೆ ಬಂದೂಕು ಹಿಡಿದಾಗ ಆ ಅನುಕೂಲ ಇರುವುದಿಲ್ಲ. ತೂತು ಎಲ್ಲಿ ಬಿತ್ತೆಂದು ಟಾರ್ಗೆಟ್ ತೋರಿಸುತ್ತದೆ, ಯಾಕೆ ಅಲ್ಲಿ ಬಿತ್ತೆಂದು ತೋರಿಸದು. ರೈಫಲ್ಲಿನಲ್ಲಿ ಗುರಿ ನೋಡುವ ಹಿಂದಿನ ಮತ್ತು ಮುಂದಿನ ಸೈಟುಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟು ಒಂದೇ ಮಿಲಿಮೀಟರ್ ಸರಿದರೂ ನೂರು ಮೀಟರಿನಲ್ಲಿ ಗುಂಡು 20 ಸೆಂಟಿಮೀಟರ್ ತಪ್ಪುತ್ತದೆ, ಮುನ್ನೂರು ಮೀಟರಿನಲ್ಲಿ 60. ಆ ಒಂದು ಮಿಲಿಮೀಟರ್ ಪಕ್ಕದಲ್ಲೇ ಮಲಗಿ ನೋಡುವ ತರಬೇತುದಾರ ಉಸ್ತಾದನ ಕಣ್ಣಿಗೂ ಸಿಗುವುದು ಕಷ್ಟ. ಕೃತಕ ಬುದ್ಧಿಮತ್ತೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ.

ನಳಿಕೆಗೆ ಕಟ್ಟಿದ ಪುಟ್ಟ ಸಂವೇದಕ ಗುಂಡು ಹಾರುವ ಮುಂಚಿನ ಕೆಲವು ಸೆಕೆಂಡುಗಳ ಅಲುಗಾಟವನ್ನು ಗೆರೆಯಾಗಿ ಬರೆದಿಡುತ್ತದೆ. ಉಸಿರಾಟದಿಂದ ಆದ ತಪ್ಪಿಗೆ ಗೆರೆ ಮೇಲೆ ಕೆಳಗೆ ತೂಗುತ್ತದೆ. ಟ್ರಿಗರನ್ನು ಜಗ್ಗಿದರೆ ಕೊನೆಯ ಗಳಿಗೆಯಲ್ಲಿ ಥಟ್ಟನೆ ಓರೆಯಾಗುತ್ತದೆ. ಅನುಭವಿ ಉಸ್ತಾದರು ಗುರುತು ಹಾಕಿಕೊಟ್ಟ ಸಾವಿರಾರು ಗೆರೆಗಳನ್ನು ನೋಡಿ ಕಲಿತ ಗಣಕ, ಹೊಸಬನ ಗೆರೆಯಲ್ಲಿ ಯಾವ ದೋಷವಿದೆ ಎಂದು ಹೇಳಬಲ್ಲದು. ಅಂದರೆ ಯಂತ್ರದ ಜ್ಞಾನವೆಲ್ಲ ಉಸ್ತಾದರದೇ. ಗುಂಡಿಲ್ಲದ ಖಾಲಿ ಅಭ್ಯಾಸದಲ್ಲೂ ಇದು ನಡೆಯುತ್ತದೆ. ಹುಮನಾಬಾದನ್ನು ಹಾದುಹೋಗುವ ಹೆದ್ದಾರಿಯಲ್ಲೇ ಇರುವ ಹೈದರಾಬಾದಿನಲ್ಲಿ, 1993ರಲ್ಲಿ ಆರಂಭವಾದ ಜೆನ್ ಟೆಕ್ನಾಲಜೀಸ್ ಸೇನೆ ಮತ್ತು ಪೊಲೀಸರಿಗೆ ಪರದೆಯ ಮುಂದೆ ಗುಂಡಿನ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್‌ಗಳನ್ನು ತಯಾರಿಸುತ್ತಿದೆ.

ಪರದೆಯ ಮುಂದೆ ಕಲಿತವನು ಗಾಳಿ, ಬಿಸಿಲು, ಭುಜಕ್ಕೆ ಬೀಳುವ ಒದೆತ, ಭಯದ ನಡುವೆ ನಿಲ್ಲಬಲ್ಲನೇ ಎಂಬ ಆಕ್ಷೇಪ ಸರಿಯಾದದ್ದೇ. ಫೈರಿಂಗ್ ರೇಂಜಿಗೆ ಬದಲಿ ಯಾವುದೂ ಇಲ್ಲ. ಆದರೆ 2008ರಿಂದ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತಿರುವ ನಮ್ಮ ಬೀದರ್ ವಾಯುನೆಲೆಯಲ್ಲೂ ಹಾರಾಟದ ಜೊತೆಗೆ ಸಿಮ್ಯುಲೇಟರ್ ಪಾಠವಿದೆ. ಅದರಿಂದ ಯಾರೂ ಆಕಾಶವನ್ನು ಮರೆತಿಲ್ಲ. ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಎತ್ತರದ, ಬಲಗೈಯ ಗಂಡಸರ ಗೆರೆಗಳನ್ನಷ್ಟೇ ನೋಡಿದ ಯಂತ್ರ, ಎಡಗೈಯವರ ಅಥವಾ ಮಹಿಳೆಯರ ಸಹಜ ಹಿಡಿತವನ್ನೇ ತಪ್ಪೆಂದೀತು. 2021ರಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿದೆ. ಇನ್ನು ಅಂಥವರ ಗೆರೆಗಳೂ ಸೇರದ ಯಂತ್ರವನ್ನು ಒಪ್ಪಲೇಬಾರದು.

ಈ ಎಚ್ಚರದೊಂದಿಗೆ, ಗಡಿನಾಡಿನ ಎನ್‌ಸಿಸಿ ಕೆಡೆಟ್‌ಗಳು .22 ರೈಫಲ್‌ಗೆ ಗುಂಡು ತುಂಬುವ ಮೊದಲು ಇಂಥ ಅಭ್ಯಾಸ ಅವರಿಗೆ ಸಿಗಲಿ. ಯಂತ್ರ ಕೊಡುವ ಅಂಕ ತಪ್ಪು ತಿದ್ದಿಕೊಳ್ಳಲು ಮಾತ್ರ ಬಳಕೆಯಾಗಲಿ, ಯಾರನ್ನೂ ಆಯ್ಕೆಯಿಂದ ಕೈಬಿಡಲು ಅಲ್ಲ.